ಪಿಸ್ತೋಯಾ ಸ್ಟೇಷನ್: ಘಾಟಿಯ ಬುಡದಲ್ಲಿ ಇಳಿಯಿರಿ

ಮಕ್ಕಳ ಮನೆಗೆಂದು ಯುರೋಪಿಗೆ ಹೋಗಿಬರುವ ಹಾಸನದ ಹಿರಿಯರು ಈಗ ಕಡಿಮೆಯೇನಿಲ್ಲ. ಇಟಲಿಗೆ ಹೋದವರು ರೋಮ್, ವೆನಿಸ್, ಫ್ಲಾರೆನ್ಸ್, ಪೀಸಾದ ವಾಲಿದ ಗೋಪುರ ಇಷ್ಟನ್ನು ಮುಗಿಸಿ ವಾಪಸಾಗುತ್ತಾರೆ. ಫ್ಲಾರೆನ್ಸ್‌ನಿಂದ ಲುಕ್ಕಾಗೆ, ಅಲ್ಲಿಂದ ವಿಯಾರೆಜ್ಜೊ ಸಮುದ್ರತೀರಕ್ಕೆ ಹೋಗುವ ಗಾಡಿ ದಾರಿಯಲ್ಲಿ ಪಿಸ್ತೋಯಾ ಅನ್ನುವ ಜಿಲ್ಲಾ ಕೇಂದ್ರದಲ್ಲಿ ನಿಲ್ಲುತ್ತದೆ. ನಮ್ಮವರು ಕಿಟಕಿಯಿಂದ ಬೋರ್ಡ್ ಓದಿ ಮುಂದೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ, ಇಳಿಯಿರಿ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ರೈಲ್ವೆಯ ಮೈಸೂರು ವಿಭಾಗದಲ್ಲಿ ಸ್ಟೇಷನ್ ಮಾಸ್ತರನಾಗಿ ದುಡಿದವನು. ಸಕಲೇಶಪುರ, ದೋಣಿಗಲ್, ಎಡಕುಮೇರಿ, ಆಮೇಲೆ ಹಾಸನ. ಮಗಳು ಅಳಿಯ ಪಿಸ್ತೋಯಾದಲ್ಲಿದ್ದಾರೆ. ಅಳಿಯ ಅಲ್ಲಿನ ರೈಲು ಕಾರ್ಖಾನೆಯಲ್ಲಿ ಎಂಜಿನಿಯರ್. ಬೇರೆಯವರು ಆ ದೇಶದಲ್ಲಿ ಚರ್ಚು, ಚಿತ್ರ ನೋಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಹಳಿಯ ಕೆಳಗಿನ ಜಲ್ಲಿಗೆ, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿಗೆ, ಸಿಗ್ನಲ್ಲಿಗೆ. ಮಗಳು "ಅಪ್ಪಾ, ಇವತ್ತಾದರೂ ಊರೊಳಗೆ ಹೋಗೋಣ, ಸ್ಟೇಷನ್ ನಾಳೆಯೂ ಇಲ್ಲೇ ಇರುತ್ತೆ" ಅಂತ ಎಷ್ಟು ಸಲ ಹೇಳಿದರೂ, ಬೆಳಗಿನ ನಡಿಗೆ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿತ್ತು.

ಮೊದಲು ಅದರ ಹಿನ್ನೆಲೆ. ಅದು ಗೊತ್ತಿಲ್ಲದೆ ನೋಡಿದರೆ ಪಿಸ್ತೋಯಾ ಒಂದು ಸಾಧಾರಣ ಸ್ಟೇಷನ್ ಅಷ್ಟೆ ಅನ್ನಿಸುತ್ತದೆ. ಇಟಲಿ ಒಂದೇ ದೇಶವಾಗುವ ಮುಂಚೆ ಈ ಸೀಮೆ ತಸ್ಕನಿಯ ಗ್ರ್ಯಾಂಡ್ ಡ್ಯೂಕನ ಆಳ್ವಿಕೆಯಲ್ಲಿತ್ತು. ಫ್ಲಾರೆನ್ಸ್‌ನಿಂದ ಪ್ರಾತೊ ತನಕ 1848ರಲ್ಲಿ ರೈಲು ಬಂತು, ಅದೇ ಹಳಿ 1851ರಲ್ಲಿ ಪಿಸ್ತೋಯಾ ಮುಟ್ಟಿತು. ಡ್ಯೂಕನ ಹೆಂಡತಿ ಮಾರಿಯಾ ಆಂತೋನಿಯಾಳ ಹೆಸರನ್ನೇ ಆ ಮಾರ್ಗಕ್ಕೆ ಇಟ್ಟಿದ್ದರು. ನಮ್ಮಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರಲ್ಲಿ. ಅಂದರೆ ಅದಕ್ಕೂ ಮುಂಚಿನ ಸ್ಟೇಷನ್ ಇದು.

ಅಸಲು ಕಥೆ ಅಲ್ಲಿಂದ ಮುಂದೆ. ಪಿಸ್ತೋಯಾದ ಬೆನ್ನಿಗೇ ಅಪೆನೈನ್ ಬೆಟ್ಟಸಾಲು ಏಳುತ್ತದೆ. ಬೆಟ್ಟದ ಆಚೆ ಬೊಲೋನ್ಯಾ. ಉತ್ತರದ ಬಯಲಿಗೂ ಮಧ್ಯ ಇಟಲಿಗೂ ನಡುವೆ ಅಡ್ಡ ನಿಂತ ಈ ಬೆಟ್ಟವನ್ನು ರೈಲು ದಾಟಿದ್ದು 1864ರಲ್ಲಿ, ಪೊರೆತ್ತಾನಾ ಎಂಬ ಘಾಟಿ ಮಾರ್ಗದಲ್ಲಿ. ಕಟ್ಟಿಸಿದವರು ಜ್ಯಾಂ ಲೂಯಿ ಪ್ರೋಷ್ ಎಂಬ ಫ್ರೆಂಚ್ ಎಂಜಿನಿಯರ್. ಉದ್ಘಾಟನೆಗೆ ದೊರೆ ಎರಡನೇ ವಿತ್ತೋರಿಯೊ ಇಮ್ಮಾನುಯೆಲೆ ಬಂದಿದ್ದರು. ಮರುವರ್ಷವೇ ಇಟಲಿಯ ರಾಜಧಾನಿ ತೂರಿನ್‌ನಿಂದ ಫ್ಲಾರೆನ್ಸ್‌ಗೆ ಬಂತು, 1871ರ ತನಕ ಅಲ್ಲೇ ಇತ್ತು. ರಾಜಧಾನಿಗೆ ಉತ್ತರದಿಂದ ಬರುವ ಮಂತ್ರಿ, ಸೈನಿಕ, ಟಪಾಲು, ಸರಕು ಎಲ್ಲ ಈ ಒಂಟಿ ಹಳಿಯ ಘಾಟಿ ಇಳಿದು ಪಿಸ್ತೋಯಾ ಸ್ಟೇಷನ್ನಿನ ಮೂಲಕವೇ ಹೋಗಬೇಕಿತ್ತು.

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಸುಮಾರು 55 ಕಿ.ಮೀ. ಉದ್ದ, ಅದರಲ್ಲಿ 57 ಸುರಂಗ, ನೂರಕ್ಕೂ ಮೇಲೆ ಸೇತುವೆ, ಏರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಮೇಲೆ. ಪೊರೆತ್ತಾನಾದಲ್ಲಿ ಸುಮಾರು ನೂರು ಕಿ.ಮೀ.ಗೆ ನಲವತ್ತಕ್ಕೂ ಹೆಚ್ಚು ಸುರಂಗ, ಏರು ಕಡಿದಾದ ಕಡೆ 40ಕ್ಕೆ 1ರ ಹತ್ತಿರ. ಅಂದರೆ ನಮ್ಮದಕ್ಕಿಂತ ಕಡಿದು, ಅದೂ ಉಗಿ ಎಂಜಿನ್ ಕಾಲದಲ್ಲಿ. ಆ ಅಂಕಿ ಕೇಳಿದ ದಿನ ನನಗೆ ಊಟ ರುಚಿಸಲಿಲ್ಲ, ಯಾವಾಗ ಆ ಗಾಡಿ ಹತ್ತುತ್ತೇನೋ ಅಂತಲೇ ಇತ್ತು.

ಉಗಿಯ ಕಾಲದಲ್ಲಿ ಆ ಘಾಟಿಯ ದೊಡ್ಡ ಶತ್ರು ಹೊಗೆ. ಪ್ರಾಕ್ಯಾ ಅನ್ನುವ ಸ್ಟೇಷನ್ನಿನ ಕಡೆಗೆ ಏರುವ ದೊಡ್ಡ ಸುರಂಗ 2.7 ಕಿ.ಮೀ. ಉದ್ದ, ಒಂಟಿ ಹಳಿ, ಒಳಗೆಲ್ಲ ಏರು. ಭಾರದ ಗಾಡಿಗೆ ಮುಂದೊಂದು ಹಿಂದೊಂದು ಎಂಜಿನ್ ಹಾಕಿ ಪೂರ್ತಿ ಉಗಿಯಲ್ಲಿ ತಳ್ಳಬೇಕು. ಗಾಡಿ ಹೋಗುವ ದಿಕ್ಕಿಗೇ, ಅದರ ವೇಗದಲ್ಲೇ ಗಾಳಿ ಬೀಸಿದರೆ ಹೊಗೆ ಹಿಂದೆ ಉಳಿಯುವುದಿಲ್ಲ, ಗಾಡಿಯ ಜೊತೆಗೇ ಬರುತ್ತದೆ. ಡ್ರೈವರು, ಫೈರ್‌ಮನ್ನು ಉಸಿರುಕಟ್ಟಿ ಒದ್ದಾಡುತ್ತಿದ್ದರು. ಇದಕ್ಕೆ ಪರಿಹಾರ ಹುಡುಕಿದವರು ಮಾರ್ಕೊ ಸಕ್ಕಾರ್ದೊ ಎಂಬ ಎಂಜಿನಿಯರ್. 1890ರ ದಶಕದಲ್ಲಿ ಸುರಂಗದ ಬಾಯಿಯ ಸುತ್ತ ಬಳೆಯಾಕಾರದ ಕಿಂಡಿ ಮಾಡಿ, ದೊಡ್ಡ ಫ್ಯಾನಿನಿಂದ ಅದರೊಳಗೆ ಗಾಳಿ ನುಗ್ಗಿಸಿದರು. ಆ ಗಾಳಿ ಸುರಂಗದೊಳಗಿನ ಗಾಳಿಯನ್ನೂ ತಳ್ಳಿಕೊಂಡು ಹೋಗುತ್ತದೆ, ಹೊಗೆ ಗಾಡಿಯಿಂದ ಬೇರೆಯಾಗುತ್ತದೆ. ಸುರಂಗದ ಮಧ್ಯೆ ಬಾವಿ ತೋಡುವ ಕೆಲಸವಿಲ್ಲ, ಗಾಡಿಗೆ ಅಡ್ಡಿಯಾಗುವ ಬಾಗಿಲಿಲ್ಲ. ಇವತ್ತಿಗೂ ರಸ್ತೆ ಸುರಂಗಗಳಲ್ಲಿ ಸಕ್ಕಾರ್ದೊ ಹೆಸರಿನ ಇದೇ ವಿಧಾನ ಬಳಸುತ್ತಾರೆ. ಅದು ಹುಟ್ಟಿದ್ದು ಪಿಸ್ತೋಯಾದ ಹಿಂದಿನ ಈ ಗುಡ್ಡದಲ್ಲಿ.

ನಾನು ಘಾಟಿಯಲ್ಲಿದ್ದಾಗ ಡೀಸೆಲ್ ಎಂಜಿನ್ ಓಡುತ್ತಿದ್ದವು. ಆದರೂ ಮಳೆಗಾಲದಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಿಕೊಂಡು ಗೂಡ್ಸ್ ಗಾಡಿ ಮೇಲೆ ಬಂದಾಗ ಬ್ರೇಕ್‌ವ್ಯಾನಿನಿಂದ ಇಳಿಯುವ ಗಾರ್ಡಿನ ಕಣ್ಣು ಕೆಂಪಗಿರುತ್ತಿತ್ತು, ಕರವಸ್ತ್ರ ಕಪ್ಪಗಿರುತ್ತಿತ್ತು. ಮೊದಲು ಒಂದು ಲೋಟ ನೀರು, ಆಮೇಲೆ ಮಾತು. ಆದ್ದರಿಂದ ಸಕ್ಕಾರ್ದೊ ನನಗೆ ಯಾವ ಶಿಲ್ಪಿಗಿಂತಲೂ ಕಡಿಮೆಯಲ್ಲ.

ಇನ್ನು ಪಿಸ್ತೋಯಾಗೆ ಬಿದ್ದ ಪೆಟ್ಟು. ಎಪ್ಪತ್ತು ವರ್ಷ ದೇಶದ ಮುಖ್ಯ ಮಾರ್ಗದಲ್ಲಿದ್ದ ಊರನ್ನು 1934ರಲ್ಲಿ ಹೊಸ ಮಾರ್ಗ ಬದಿಗೆ ಸರಿಸಿತು. ಪ್ರಾತೊದಿಂದ ಬೊಲೋನ್ಯಾಗೆ ಜೋಡಿ ಹಳಿ, ನಡುವೆ 18.5 ಕಿ.ಮೀ. ಉದ್ದದ ಸುರಂಗ. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಆ ಕಡೆ ಹೋದವು. ಅರಸೀಕೆರೆಯವರಿಗೆ ಇದರ ಸಂಕಟ ಸ್ವಲ್ಪ ತಿಳಿದೀತು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಹಳಿ ತೆರೆದ ಮೇಲೆ ಹಾಸನದವರು ಬೆಂಗಳೂರಿಗೆ ಹೋಗಲು ಅರಸೀಕೆರೆ ಸುತ್ತಬೇಕಾಗಿಲ್ಲ. ಆದರೆ ಅರಸೀಕೆರೆಗೆ ಹುಬ್ಬಳ್ಳಿಯ ದೊಡ್ಡ ಮಾರ್ಗ ಉಳಿದೇ ಇದೆ. ಪಿಸ್ತೋಯಾ ಕಳೆದುಕೊಂಡದ್ದು ದೊಡ್ಡ ಮಾರ್ಗವನ್ನೇ.

ಈ ಸ್ಟೇಷನ್ ನನಗೆ ಇಷ್ಟವಾಗಲು ಕಾರಣ, ಅವರು ಘಾಟಿಯನ್ನು ಮುಚ್ಚಲಿಲ್ಲ. ಹಳಿ ಕಿತ್ತು ಗುಜರಿಗೆ ಹಾಕಲಿಲ್ಲ. ಮೂರು ಬೋಗಿಯ ಚಿಕ್ಕ ವಿದ್ಯುತ್ ಗಾಡಿ ಇವತ್ತಿಗೂ ಪಿಸ್ತೋಯಾದಿಂದ ಹೊರಟು ಪಿತೆಚ್ಚೊ, ಕೊರ್ಬೆತ್ಸಿ, ಸಾನ್ ಮೊಮ್ಮೆ, ಪ್ರಾಕ್ಯಾ ಅಂತ ಬೆಟ್ಟ ಏರಿ ಪೊರೆತ್ತಾ ತೆರ್ಮೆ ಮುಟ್ಟುತ್ತದೆ. ಅಲ್ಲಿ ಗಾಡಿ ಬದಲಿಸಿ ಬೊಲೋನ್ಯಾಗೆ ಇಳಿಯಬಹುದು. 2014ರಲ್ಲಿ ಗುಡ್ಡ ಕುಸಿದು ಗಾಡಿ ನಿಂತಾಗಲೂ ಸರಿಪಡಿಸಿ ಮತ್ತೆ ಓಡಿಸಿದರು. ನಮ್ಮಲ್ಲೂ 2018ರ ಆಗಸ್ಟ್, 2024ರ ಜುಲೈ ತಿಂಗಳುಗಳಲ್ಲಿ ಘಾಟಿ ಕುಸಿದಾಗ ಮಳೆಯಲ್ಲೇ ನಿಂತು ದುಡಿದ ಟ್ರ್ಯಾಕ್‌ಮನ್‌ಗಳನ್ನು ನೆನೆದರೆ, ಬೆಟ್ಟದ ರೈಲು ಉಳಿಯುವುದು ಇಂಥವರ ಕೈಯಲ್ಲೇ ಅನ್ನಿಸುತ್ತದೆ.

ಘಾಟಿ ನಿಲ್ಲುವುದು ಅಂದರೆ ಏನು ಅನ್ನುವುದನ್ನು ನಾವು ಅನುಭವಿಸಿದವರು. ಹಾಸನ–ಮಂಗಳೂರು ಮೀಟರ್ ಗೇಜ್ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. 1996ರಲ್ಲಿ ಬ್ರಾಡ್ ಗೇಜ್ ಮಾಡಲು ಘಾಟಿ ನಿಲ್ಲಿಸಿದರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ. ಅಷ್ಟರಲ್ಲಿ ಶಿರಾಡಿ ಬಸ್ಸಿಗೆ ಒಗ್ಗಿಕೊಂಡ ಜನ ರೈಲನ್ನೇ ಮರೆತಿದ್ದರು. ಆ ವರ್ಷಗಳನ್ನು ಘಾಟಿಯ ಮೇಲೆ ಕಳೆದ ನನಗೆ, ತೊಂಬತ್ತು ವರ್ಷದಿಂದ ಮುಖ್ಯ ಮಾರ್ಗವಲ್ಲದಿದ್ದರೂ ದಿನಾ ಗಾಡಿ ಹತ್ತುವ ಪೊರೆತ್ತಾನಾ ಕಂಡು ಹೊಟ್ಟೆ ತುಂಬಿತು.

ಈಗ ಸೌಕರ್ಯದ ವಿಷಯ. ಸ್ಟೇಷನ್ ಎದುರಿಗೆ ಕವಿ ದಾಂತೆಯ ಹೆಸರಿನ ಚೌಕ, ಅಲ್ಲಿ ಬಸ್ಸು ಟ್ಯಾಕ್ಸಿ ಸಿಗುತ್ತವೆ. ಟಿಕೆಟ್ ತೋರಿಸಿ ಒಳಗೆ ಹೋಗುವ ಗೇಟಿಲ್ಲ, ಪ್ಲಾಟ್‌ಫಾರ್ಮ್ ಟಿಕೆಟ್ ಅನ್ನುವುದೂ ಇಲ್ಲ. ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ನೆಲದಡಿಯ ದಾರಿ. ಮಂಡಿ ನೋವಿನವರಿಗೆ ಹತ್ತಿ ಇಳಿಯುವ ಮೇಲುಸೇತುವೆಗಿಂತ ಇದು ಎಷ್ಟೋ ವಾಸಿ, ಯಾಕೆಂದರೆ ವಿದ್ಯುತ್ ತಂತಿಯ ಎತ್ತರಕ್ಕೆ ಮೆಟ್ಟಿಲು ಏರಬೇಕಾಗಿಲ್ಲ. ಪ್ಲಾಟ್‌ಫಾರ್ಮ್ ನಮ್ಮದರಷ್ಟು ಎತ್ತರ ಇರುವುದಿಲ್ಲ. ನಮ್ಮ ಎತ್ತರದ ಪ್ಲಾಟ್‌ಫಾರ್ಮ್ 76 ಸೆಂ.ಮೀ.ಗಿಂತ ಮೇಲೆ, ಇಟಲಿಯಲ್ಲಿ ಈಗ ಕಟ್ಟುವ ಪ್ರಮಾಣ 55. ಹೊಸ ಗಾಡಿಗಳ ಬಾಗಿಲೂ ಅದಕ್ಕೆ ತಕ್ಕಂತೆ ತಗ್ಗಾಗಿರುವುದರಿಂದ ಕಷ್ಟವಿಲ್ಲ. ಹಳೆಯ ಬೋಗಿ ಬಂದರೆ ಮಾತ್ರ ಕಂಬಿ ಹಿಡಿದು ಹತ್ತಬೇಕು.

ಗಾಡಿ ಎಡಬದಿಯ ಹಳಿಯಲ್ಲೇ ಬರುತ್ತದೆ, ನಮ್ಮ ಹಾಗೆಯೇ. ಅಲ್ಲಿ ರಸ್ತೆಯಲ್ಲಿ ವಾಹನ ಬಲಕ್ಕೆ, ಹಳಿಯ ಮೇಲೆ ಗಾಡಿ ಎಡಕ್ಕೆ. ಹಳಿಯ ಅಗಲ 1,435 ಮಿ.ಮೀ., ನಮ್ಮ 1,676ರ ಮುಂದೆ ಸ್ವಲ್ಪ ಒತ್ತಿದಂತೆ ಕಾಣುತ್ತದೆ. ತಂತಿಯಲ್ಲಿ 3,000 ವೋಲ್ಟಿನ ಡಿಸಿ ಕರೆಂಟು, ನಮ್ಮಲ್ಲಿ 25,000 ವೋಲ್ಟಿನ ಎಸಿ. ವೋಲ್ಟೇಜ್ ಕಡಿಮೆಯಾದ್ದರಿಂದ ಹರಿಯುವ ಕರೆಂಟು ಜಾಸ್ತಿ, ಹಾಗಾಗಿ ತಂತಿ ನಮ್ಮದಕ್ಕಿಂತ ದಪ್ಪ, ಮುಖ್ಯ ಮಾರ್ಗದಲ್ಲಿ ಜೋಡಿ ತಂತಿ. ಇದೆಲ್ಲ ಯಾರಿಗೆ ಬೇಕು ಅನ್ನಬೇಡಿ, ಗಾಡಿಗೆ ಕಾಯುವಾಗ ನೋಡಲು ಏನಾದರೂ ಬೇಕಲ್ಲ.

ಸೌಕರ್ಯಗಳಲ್ಲಿ ನಾನು ಅತಿ ಹೆಚ್ಚು ಅಂಕ ಕೊಡುವುದು ಗೋಡೆಯ ಮೇಲಿನ ಒಂದು ಕಾಗದಕ್ಕೆ. ಇಟಲಿಯ ಸ್ಟೇಷನ್ನುಗಳಲ್ಲಿ ಎರಡು ದೊಡ್ಡ ಹಾಳೆ ಹಾಕಿರುತ್ತಾರೆ. ಹಳದಿಯದು ಹೊರಡುವ ಗಾಡಿ, ಬಿಳಿಯದು ಬರುವ ಗಾಡಿ. ದಿನದ ಎಲ್ಲ ಗಾಡಿಯೂ ಗಂಟೆಯ ಕ್ರಮದಲ್ಲಿ, ದಾರಿಯ ಊರುಗಳು, ಅಲ್ಲಿ ಮುಟ್ಟುವ ವೇಳೆ, ಯಾವ ಹಳಿ, ಭಾನುವಾರ ಇದೆಯೋ ಇಲ್ಲವೋ, ಎಲ್ಲವೂ. ಎಲೆಕ್ಟ್ರಾನಿಕ್ ಬೋರ್ಡೂ ಉಂಟು, ತಡವಾದರೆ ಅದರಲ್ಲೇ ಬರುತ್ತದೆ. ಹಳಿ ಬದಲಾದರೂ ಬೋರ್ಡಿನದೇ ಕೊನೆಯ ಮಾತು. ಆದರೆ ಭಾಷೆ ಬಾರದ ಮುದುಕನೊಬ್ಬ ಯಾರನ್ನೂ ಕೇಳದೆ ಆ ಹಳದಿ ಹಾಳೆಯ ಮುಂದೆ ನಿಂತು ತನ್ನ ದಿನವನ್ನು ತಾನೇ ಗೊತ್ತು ಮಾಡಿಕೊಳ್ಳಬಹುದು. ವಿಚಾರಣೆ ಕಿಟಕಿಯಲ್ಲಿ ಕುಳಿತವನ ಅರ್ಧ ಕೆಲಸವನ್ನು ಅದು ಮಾಡುತ್ತದೆ. ಎಷ್ಟೋ ವರ್ಷ ಆ ಕಿಟಕಿಯ ಈಚೆ ಕುಳಿತು "ಮಂಗಳೂರು ಗಾಡಿ ಎಷ್ಟೊತ್ತಿಗೆ ಸಾರ್" ಅನ್ನುವುದಕ್ಕೆ ಉತ್ತರ ಕೊಟ್ಟವನ ಮಾತಿದು. ಪ್ರಯಾಣಿಕನಿಗೆ ಮಾಹಿತಿ ಕೊಡುವುದು ಅವನಿಗೆ ತೋರುವ ಮರ್ಯಾದೆ.

ಟಿಕೆಟ್ ವಿಷಯದಲ್ಲಿ ಹುಷಾರು. ಈ ಕಡೆ ಓಡುವುದು ಪ್ರಾದೇಶಿಕ ಗಾಡಿಗಳು. ರಿಸರ್ವೇಶನ್ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ, ಸೀಟು ಸಿಕ್ಕಲ್ಲಿ ಕೂರುವುದು. ಯಂತ್ರದಲ್ಲಿ ತೆಗೆದ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಚಿಕ್ಕ ಪೆಟ್ಟಿಗೆಗೆ ತೂರಿಸಿ ದಿನಾಂಕ, ವೇಳೆ ಒತ್ತಿಸಬೇಕು. ಒತ್ತಿಸಿದ ಮೇಲೆ ನಾಲ್ಕು ಗಂಟೆ ಅದಕ್ಕೆ ಆಯಸ್ಸು. ಒತ್ತಿಸದೆ ಕೂತರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾಗುತ್ತದೆ. ಫೋನಿನಲ್ಲಿ ತೆಗೆದ ಟಿಕೆಟಿಗೆ ಫೋನಿನಲ್ಲೇ ಚೆಕ್-ಇನ್ ಮಾಡಬೇಕು. ಮಕ್ಕಳಿಂದ ಮನೆಯಲ್ಲೇ ಕಲಿತು ಹೊರಡಿ.

ಕಾಫಿ ಬಗ್ಗೆ ಒಂದು ಮಾತು. ಅಲ್ಲಿ ಬಾರ್ ಅಂದರೆ ನಮ್ಮ ಬಾರ್ ಅಲ್ಲ, ಕಾಫಿ, ತಿಂಡಿಯ ಅಂಗಡಿ. ಕಟ್ಟೆಯ ಮುಂದೆ ನಿಂತು, ಬೊಗಸೆಯಷ್ಟೂ ಇಲ್ಲದ ಬಟ್ಟಲಿನಲ್ಲಿ ಗಟ್ಟಿ ಕಾಫಿ ಕುಡಿದು ಗಾಡಿ ಹಿಡಿಯುತ್ತಾರೆ. ಒಂದು ಯೂರೊ ಚಿಲ್ಲರೆ. ನಮ್ಮ ಹಾಲಿನ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಿಗೆಗೆ ಮೊದಲು ಕಹಿ ಅನ್ನಿಸುತ್ತದೆ, ಸಕ್ಕರೆ ಹಾಕಿಕೊಳ್ಳಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಒಂದು. ಅವರ ಮಿಶ್ರಣಕ್ಕೆ ನೊರೆ, ಗಡಸು ಕೊಡುವುದು ರೊಬಸ್ಟಾ. ಆ ಬಟ್ಟಲಿನಲ್ಲಿ ಸಕಲೇಶಪುರದ್ದೋ ಮೂಡಿಗೆರೆಯದ್ದೋ ಬೀಜ ಇದ್ದರೂ ಇರಬಹುದು ಅಂದುಕೊಂಡು ಕುಡಿದೆ, ರುಚಿಯಾಯಿತು.

ಹಳಿಯ ಪಕ್ಕದ ನರ್ಸರಿಗಳನ್ನು ತೋಟದವರು ತಪ್ಪದೆ ನೋಡಬೇಕು. ಅಲಂಕಾರದ ಗಿಡ ಮರ ಬೆಳೆಸುವುದರಲ್ಲಿ ಪಿಸ್ತೋಯಾ ಯುರೋಪಿನಲ್ಲೇ ಹೆಸರುವಾಸಿ. ಆಳೆತ್ತರದ ಮರಗಳು ಕುಂಡದಲ್ಲಿ ಸಾಲುಸಾಲಾಗಿ ನಿಂತಿರುತ್ತವೆ, ಗಾಡಿ ಕಿಟಕಿಯಿಂದ ಬಹಳ ದೂರದ ತನಕ ಅವೇ. ಕಾಫಿ ಸಸಿ ಬುಟ್ಟಿಗಳನ್ನು ಕಂಡ ನಮ್ಮವರಿಗೆ ಅಲ್ಲಿ ನೀರು ಬಿಡುವ ವ್ಯವಸ್ಥೆ ನೋಡುವುದೇ ಒಂದು ಪಾಠ.

ಸ್ಟೇಷನ್ನಿಗೆ ಸೇರಿದಂತೆ ಹಳೆಯ ಎಂಜಿನ್ ಶೆಡ್ ಇದೆ. ಇಟಲಿ ರೈಲ್ವೆಯ ಪರಂಪರೆ ನೋಡಿಕೊಳ್ಳುವ ಎಫ್‌ಎಸ್ ಪ್ರತಿಷ್ಠಾನದವರು ಐತಿಹಾಸಿಕ ಎಂಜಿನ್, ಬೋಗಿಗಳನ್ನು ಅಲ್ಲಿ ಇಟ್ಟು ರಿಪೇರಿ ಮಾಡಿಸುತ್ತಾರೆ. ದಿನಾ ತೆರೆದಿರುವುದಿಲ್ಲ, ಸಾರ್ವಜನಿಕರಿಗೆ ಬಿಡುವ ದಿನ ಮೊದಲೇ ವಿಚಾರಿಸಿಕೊಳ್ಳಿ. ಉಗಿ ಎಂಜಿನ್ನುಗಳ ಜೊತೆಗೆ, ಪ್ರತಿ ಸಾಲು ಸೀಟಿಗೂ ಬೇರೆ ಬಾಗಿಲಿರುವ ಮರದ ಬೆಂಚಿನ ಬೋಗಿಗಳಿವೆ. "ನೂರು ಬಾಗಿಲಿನ ಬೋಗಿ" ಅಂತಲೇ ಅದಕ್ಕೆ ಹೆಸರು. ಇವು ಗಾಜಿನ ಹಿಂದಿನ ವಸ್ತುಗಳಲ್ಲ. ಕೆಲವು ದಿನ ಹಳೆಯ ಗಾಡಿ ಜೋಡಿಸಿ ಜನರನ್ನು ಕೂರಿಸಿಕೊಂಡು ಓಡಿಸುತ್ತಾರೆ. ಎಂಜಿನ್ನಿನ ಕೀಲಿಗೆ ಎಣ್ಣೆ ಬಿಡುತ್ತಿದ್ದ ಹುಡುಗನಿಗೆ ಇಪ್ಪತ್ತೈದೂ ಆಗಿರಲಾರದು. ಉಗಿಯ ಕಾಲ ಮುಗಿದು ಎಷ್ಟೋ ವರ್ಷದ ನಂತರ ಹುಟ್ಟಿದವನು ಆ ಕೆಲಸ ಕಲಿತಿದ್ದಾನೆ, ನನಗೆ ಅದು ದೊಡ್ಡದು.

ಅಲ್ಲಿ ನಿಂತು ನಾನು ನೆನೆದದ್ದು ನಮ್ಮ ಟೋಕನ್ ಗುಂಡನ್ನು. ಒಂಟಿ ಹಳಿಯ ಮೇಲೆ ಆ ಕಬ್ಬಿಣದ ಗುಂಡು ಕೈಯಲ್ಲಿಲ್ಲದೆ ಡ್ರೈವರು ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ. ದೋಣಿಗಲ್‌ನಿಂದ ಸಿರಿಬಾಗಿಲಿನ ತನಕ ಎಷ್ಟೋ ಜನರ ಜೀವ ಅದರ ಮೇಲೆ ನಿಂತಿತ್ತು. ಸಕಲೇಶಪುರದಲ್ಲಿ ಒಂದು ಕೋಣೆ ಸಾಕು: ಒಂದು ಟೋಕನ್ ಯಂತ್ರ, ಘಾಟಿಯ ನಕ್ಷೆ, ಮಳೆಗಾಲದ ಗಸ್ತಿನವನ ಲಾಂದ್ರ, ಮೀಟರ್ ಗೇಜ್ ಕಾಲದ ಫೋಟೊಗಳು. ಆ ಹಳಿ ಹಾಕುವಾಗ ದುಡಿದವರಲ್ಲಿ ಇನ್ನೂ ಇರುವವರು ಬಂದು ಮಾತಾಡಲಿ. ವಾರಾಂತ್ಯಕ್ಕೆ ಬರುವ ಹುಡುಗರು ಹಳಿಯ ಮೇಲೆ ನಡೆಯುವ ಬದಲು ಆ ಕೋಣೆಗೆ ಬಂದರೆ ಅಪಾಯವೂ ತಪ್ಪುತ್ತದೆ, ತಿಳಿವಳಿಕೆಯೂ ಬರುತ್ತದೆ. ನನ್ನ ಹತ್ತಿರ ಇರುವ ಫೋಟೊ, ರೈಲ್ವೆ ಸಿಬ್ಬಂದಿಯ ಬಳಕೆಗಿದ್ದ ಹಳೆಯ ವರ್ಕಿಂಗ್ ಟೈಮ್‌ಟೇಬಲ್ ಎಲ್ಲ ಕೊಡಲು ಸಿದ್ಧ.

ನಕ್ಷತ್ರ ಕೊಡಿ ಅಂದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಯಾಕೆಂದರೆ, ಘಾಟಿ ಗಾಡಿಗಳ ಸಂಖ್ಯೆ ಕಡಿಮೆ. ಇಂಥ ಮಾರ್ಗಕ್ಕೆ ಇನ್ನೂ ನಾಲ್ಕು ಗಾಡಿ ಹೆಚ್ಚಿರಬೇಕು. ಅಂಗಡಿ ಸುತ್ತುವ ಆಸೆ ಇರುವವರಿಗೆ ಇಲ್ಲಿ ಹೆಚ್ಚೇನಿಲ್ಲ, ಫ್ಲಾರೆನ್ಸ್‌ನಲ್ಲೇ ಇರಿ.

ಹೋಗುವವರು ಹೀಗೆ ಮಾಡಿ. ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಹೊರಡಿ, ಮೂವತ್ತೈದು ಕಿ.ಮೀ. ಅಷ್ಟೆ. ಸ್ಟೇಷನ್ ಚೌಕದಿಂದ ನೇರ ನಡೆದರೆ ಕಾಲು ಗಂಟೆ ದಾಟುವಷ್ಟರಲ್ಲಿ ಹಳೆಯ ಊರಿನ ನಡುವಿನ ದುಓಮೊ, ಅಂದರೆ ದೊಡ್ಡ ಚರ್ಚಿನ, ಚೌಕ. ಚೆಪ್ಪೊ ಆಸ್ಪತ್ರೆಯ ಮುಂಭಾಗದಲ್ಲಿ ಬಣ್ಣದ ಮೆರುಗಿನ ಸುಟ್ಟ ಮಣ್ಣಿನ ಉಬ್ಬುಶಿಲ್ಪ ಇದೆ. ರೋಗಿಗೆ ಉಪಚಾರ, ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ದೃಶ್ಯಗಳು. ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣಿಗೂ ಅದು ಹಿಡಿಸುತ್ತದೆ. ಮಧ್ಯಾಹ್ನ ಸ್ಟೇಷನ್ನಿಗೆ ವಾಪಸ್ ಬಂದು ಪ್ರಾಕ್ಯಾ ತನಕ ಘಾಟಿ ಗಾಡಿ ಹತ್ತಿ. ಪಿತೆಚ್ಚೊ ಹತ್ತಿರ ಕಲ್ಲಿನ ಕಮಾನುಗಳ ದೊಡ್ಡ ಸೇತುವೆ ಬರುತ್ತದೆ, ಆಮೇಲೆ ಸುರಂಗ, ಬೆಳಕು, ಸುರಂಗ. ಶರತ್ಕಾಲವಾದರೆ ಬೆಟ್ಟದ ಚೆಸ್ಟ್‌ನಟ್ ಮರಗಳೆಲ್ಲ ಹಳದಿ. ಮೇಲೆ ಚಳಿ ಇರುತ್ತದೆ, ಸ್ವೆಟರ್ ಇರಲಿ. ಪ್ರಾಕ್ಯಾದಲ್ಲಿ ಇಳಿಯುವ ಮುಂಚೆ ವಾಪಸ್ ಗಾಡಿಯ ವೇಳೆ ಗಟ್ಟಿ ಮಾಡಿಕೊಳ್ಳಿ, ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾದೀತು. ಆ ದೇಶದಲ್ಲಿ ರೈಲ್ವೆ ಮುಷ್ಕರ ಆಗಾಗ ಇರುತ್ತದೆ. ಅದನ್ನು ಮೊದಲೇ ಪ್ರಕಟಿಸುತ್ತಾರೆ, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ತನಕ ಪ್ರಾದೇಶಿಕ ಗಾಡಿಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಉಳಿದ ಹೊತ್ತಿನಲ್ಲಿ ಗಾಡಿಯ ಖಾತ್ರಿಯಿಲ್ಲ. ಹಾಗಾಗಿ ಮುಷ್ಕರದ ದಿನ ಘಾಟಿಗೆ ಹೋಗುವುದು ಬೇಡ, ಇನ್ನೊಂದು ದಿನ ಇಟ್ಟುಕೊಳ್ಳಿ.